ಮಾಂಟ್‌ಗಮರಿಯಲ್ಲಿ ಬೋರ್ಡು ಓದುತ್ತಾ

ಎಲ್ಲರಿಗೂ ನಮಸ್ಕಾರ. ಈ ಸಲ ಬೆಟ್ಟ, ಬೀಚು, ಹೋಟೆಲ್ ಊಟ ಏನೂ ಇಲ್ಲ. ಬರೀ ಬೀದಿಬದಿಯ ಇತಿಹಾಸದ ಬೋರ್ಡುಗಳು. ಅಟ್ಲಾಂಟಾದಲ್ಲಿ ಐ-85 ಹಿಡಿದು ಎರಡೂವರೆ ಗಂಟೆ ಕಾರು ಓಡಿಸಿದರೆ, ಆ ರಸ್ತೆಯೇ ಮುಗಿದುಹೋಗುವ ಊರು ಮಾಂಟ್‌ಗಮರಿ. ಅಲಬಾಮಾದ ರಾಜಧಾನಿ. ದಾರಿಯಲ್ಲಿ ರಾಜ್ಯದ ಗಡಿ ಬಂತೆಂದರೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಎಂಟಕ್ಕೆ ಹೊರಟವನು ಒಂಬತ್ತೂವರೆಗೆ ತಲುಪಿದ್ದೆ, ಲಾಭವೇ ಅಲ್ವಾ!

ಈಗ ನೋಡುತ್ತಿರುವುದು ಕೋರ್ಟ್ ಸ್ಕ್ವೇರ್. ಈ ಕಾರಂಜಿ 1885ರದ್ದು, ತುದಿಯಲ್ಲಿ ನಿಂತವಳು ಹೀಬಿ ಅನ್ನುವ ಗ್ರೀಕ್ ದೇವತೆ. ಚೆನ್ನಾಗಿದೆ. ಆದರೆ ಪಕ್ಕದ ಕಂಬದ ಮೇಲಿನ ಬೋರ್ಡಿನ ಹತ್ತಿರ ಬನ್ನಿ. ಕಾರಂಜಿ ಬರುವ ಮುಂಚೆ ಇಲ್ಲಿ ಬುಗ್ಗೆ ನೀರಿನ ತೊಟ್ಟಿ ಇತ್ತು. ಅದರ ಹತ್ತಿರ ಜಮೀನು, ದನಕರುಗಳ ಜೊತೆ ಮನುಷ್ಯರನ್ನೂ ಹರಾಜು ಹಾಕುತ್ತಿದ್ದರು. ಹರಾಜಿನ ಪೋಸ್ಟರಿನಲ್ಲಿ ಏನೇನು ಇರುತ್ತಿತ್ತು ಅಂತ ಬೋರ್ಡಿನಲ್ಲೇ ಬರೆದಿದ್ದಾರೆ: ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಮೈಬಣ್ಣ, ಗೊತ್ತಿರುವ ಕಸುಬು, ಬೆಲೆ, ಮಾಲೀಕನ ಹೆಸರು. ಮಾರಾಟಕ್ಕೆ ನಿಂತವರದ್ದು ಮಾತ್ರ ಬರೀ ಕರೆಯುವ ಹೆಸರು, ಮನೆತನದ ಹೆಸರು ಪೋಸ್ಟರಿನಲ್ಲಿ ಇರುತ್ತಲೇ ಇರಲಿಲ್ಲ. 1850ರ ದಶಕದಲ್ಲಿ ಗಟ್ಟಿಮುಟ್ಟಾದ ಹೊಲದಾಳಿಗೆ 1,500 ಡಾಲರ್, ಕಸುಬು ಬಲ್ಲವನಿಗೆ 3,000. ನಮ್ಮ ಕಡೆ ಎಪಿಎಂಸಿಯಲ್ಲಿ ಮೆಣಸಿನಕಾಯಿ ರೇಟು ಬರೆದಿರುತ್ತಾರಲ್ಲ, ಅಷ್ಟು ತಣ್ಣಗೆ. ಎರಡು ಸಲ ಓದಿದೆ.

ಹಾಗೇ ತಲೆ ಎತ್ತಿದರೆ ಎದುರಿಗೆ ವಿಂಟರ್ ಬಿಲ್ಡಿಂಗ್. 1861ರ ಏಪ್ರಿಲ್ 11ರಂದು ಅದರ ಮಹಡಿಯ ಮೇಲಿದ್ದ ಟೆಲಿಗ್ರಾಫ್ ಆಫೀಸಿನಿಂದ ಚಾರ್ಲ್ಸ್‌ಟನ್‌ಗೆ ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳ ಸರ್ಕಾರದ ತಂತಿ ಹೋಯಿತು, ಅಲ್ಲಿ ಅಮೆರಿಕದ ಸೇನೆ ಇದ್ದ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಬಹುದು ಅಂತ. ಮಾರನೇ ದಿನ ಬೆಳಗಿನ ಜಾವವೇ ಅಮೆರಿಕದ ಅಂತರ್ಯುದ್ಧ ಶುರು. ಹರಾಜಿನ ಜಾಗಕ್ಕೂ ಈ ಕಟ್ಟಡಕ್ಕೂ ನಡುವೆ ಒಂದು ರಸ್ತೆ ದಾಟಬೇಕು, ಅಷ್ಟೇ.

ನದಿಯ ಕಡೆಯಿಂದ ಬರುವ ಈ ಬೀದಿ ಕಾಮರ್ಸ್ ಸ್ಟ್ರೀಟ್. ಹಡಗಿನಲ್ಲಿ, ರೈಲಿನಲ್ಲಿ ತಂದ ಜನರನ್ನು ಸಂಕೋಲೆ ಹಾಕಿ ಇಲ್ಲೇ ನಡೆಸಿಕೊಂಡು ಹೋಗುತ್ತಿದ್ದರು. ಅವರನ್ನು ಕೂಡಿಹಾಕುತ್ತಿದ್ದ ಒಂದು ಗೋದಾಮಿನ ಜಾಗದಲ್ಲಿ ಈಗ ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್ ಅನ್ನುವ ಸಂಸ್ಥೆಯ ಆಫೀಸಿದೆ. ಅದರ ವಕೀಲ ಬ್ರಯನ್ ಸ್ಟೀವನ್‌ಸನ್ ಮತ್ತು ಜೊತೆಗಾರರು ಗುಲಾಮರ ವ್ಯಾಪಾರದ ಬಗ್ಗೆ ಇನ್ನೂ ಮೂರು ಬೋರ್ಡು ಹಾಕಲು ಹೊರಟಾಗ, ವಿವಾದ ಆದೀತು ಅಂತ ರಾಜ್ಯದ ಪತ್ರಾಗಾರ ಇಲಾಖೆ ಹಿಂಜರಿಯಿತು. ಕೊನೆಗೆ 2013ರ ಡಿಸೆಂಬರಿನಲ್ಲಿ ಮೂರೂ ಬೋರ್ಡು ನಿಂತವು. ಅಷ್ಟೊತ್ತಿಗೆ ದಕ್ಷಿಣದ ಸೇನೆ, ಅದರ ನಾಯಕರ ನೆನಪಿಗೆ ಊರಲ್ಲಿ ಹತ್ತಾರು ಕಲ್ಲು, ಫಲಕ ಇದ್ದವು. ಅವಕ್ಕೆ ಯಾರೂ ವಿವಾದ ಅಂದಿರಲಿಲ್ಲ ಅನ್ನಿ.

ಡೆಕ್ಸ್ಟರ್ ಅವೆನ್ಯೂವನ್ನು ಸ್ವಲ್ಪ ಬೇಗ ತೋರಿಸುತ್ತೇನೆ, ಬಿಸಿಲು ಜಾಸ್ತಿ ಇತ್ತು. ಕೆಂಪು ಇಟ್ಟಿಗೆಯ ಈ ಚರ್ಚಿನಲ್ಲಿ 1954ರಿಂದ 1960ರವರೆಗೆ ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದರು. ಮೇಲೆ ಬಿಳಿ ಗುಮ್ಮಟದ ಶಾಸನಸಭೆ. 1861ರ ಫೆಬ್ರವರಿ 18ರಂದು ಜೆಫರ್ಸನ್ ಡೇವಿಸ್ ಆ ದಕ್ಷಿಣದ ಸರ್ಕಾರದ ಅಧ್ಯಕ್ಷನಾಗಿ ನಿಂತು ಪ್ರಮಾಣವಚನ ತೆಗೆದುಕೊಂಡ ಜಾಗದಲ್ಲಿ ಕಂಚಿನ ನಕ್ಷತ್ರ ಕೂರಿಸಿದ್ದಾರೆ. ಕಪ್ಪು ಜನರಿಗೆ ಮತದಾನದ ಹಕ್ಕು ಕೇಳುತ್ತಾ ಸೆಲ್ಮಾ ಊರಿನಿಂದ ನಡೆದು ಬಂದವರ ಮುಂದೆ 1965ರ ಮಾರ್ಚ್ 25ರಂದು ಕಿಂಗ್ ಮಾತಾಡಿದ್ದು ಅದೇ ಕಟ್ಟಡದ ಮೆಟ್ಟಿಲುಗಳ ಬುಡದಲ್ಲಿ.

ಇನ್ನು ನನ್ನ ಎಡವಟ್ಟು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆ ಕೆಲಸ ಮುಗಿಸಿ ಬಸ್ ಹತ್ತಿದ್ದು ಕೋರ್ಟ್ ಸ್ಕ್ವೇರಿನಲ್ಲಿ, ಅದೇ ಹರಾಜಿನ ಜಾಗದಲ್ಲಿ. ಬಿಳಿಯರಿಗೆ ಸೀಟು ಬಿಡಲ್ಲ ಅಂದರು ಅಂತ ಪೊಲೀಸರು ಅವರನ್ನು ಹಿಡಿದದ್ದು ಸ್ವಲ್ಪವೇ ಮುಂದೆ, ಎಂಪೈರ್ ಥಿಯೇಟರ್ ಸ್ಟಾಪಿನಲ್ಲಿ. ದಂಡ, ಕೋರ್ಟ್ ಖರ್ಚು ಸೇರಿ 14 ಡಾಲರ್. ಆಮೇಲೆ ಊರಿನ ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ. ಅಲ್ಲಿರುವ ಬೋರ್ಡನ್ನು ಖುಷಿಯಿಂದ ಶೂಟ್ ಮಾಡಿಕೊಂಡು ಮನೆಗೆ ಬಂದೆ. ಎಡಿಟಿಂಗಿಗೆ ಕೂತಾಗ ಗೊತ್ತಾಯಿತು, ಅದಕ್ಕೆ ಇನ್ನೊಂದು ಮುಖ ಇದೆ!

ಮುಂದಿನ ಶನಿವಾರ ಮತ್ತೆ ಎರಡೂವರೆ ಗಂಟೆ ಡ್ರೈವ್. ಹಿಂಬದಿಯಲ್ಲಿ ಇದ್ದದ್ದು ಹ್ಯಾಂಕ್ ವಿಲಿಯಮ್ಸ್. ಇದೇ ಊರಲ್ಲಿ ಬೆಳೆದ ಕಂಟ್ರಿ ಗಾಯಕ, ಹುಡುಗನಾಗಿದ್ದಾಗ ಎಂಪೈರ್ ಥಿಯೇಟರಿನಲ್ಲೇ ಹಾಡಿ ಬಹುಮಾನ ಗೆದ್ದವನು, 29ಕ್ಕೇ ಹೋಗಿಬಿಟ್ಟ. ಆ ಕಡೆ ಟೋಪಿ ಹಾಕಿದ ಅಜ್ಜ ಒಬ್ಬರು ಫೋಟೋ ತೆಗೆಯುತ್ತಿದ್ದರು. ಹ್ಯಾಂಕ್ ಸಮಾಧಿ ನೋಡಿಕೊಂಡು ನೇರ ಇಲ್ಲಿಗೆ ಬಂದಿದ್ದರಂತೆ. ಹಿಂದೆಯೂ ಬರೆದಿದೆ ನೋಡಿ ಅಂದೆ. ಹೌದಾ ಅಂತ ಸುತ್ತಿಕೊಂಡು ಬಂದರು, ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು, ಮತ್ತೆ ಆ ಕಡೆಗೇ ಹೋದರು. ಕ್ಯಾಮೆರಾ ಆಫ್ ಮಾಡುವುದನ್ನು ಮರೆತಿದ್ದೆ. ಈಗ ಕೇಳುತ್ತಿರುವ ಗುನುಗು ಅವರದ್ದೇ.