ಜೀಪಿಗೂ ಒಂದು ಮೂಗಿದೆ

ಕೇಳುಗರಿಗೆಲ್ಲ ನಮಸ್ಕಾರ. ಹಳೇ ಜೀಪುಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಹತ್ತು ನಿಮಿಷದಲ್ಲಿ ತುಕ್ಕು ಹಿಡಿದ ಒಂದು ಬೋಲ್ಟ್ ಬಿಚ್ಚುವುದೂ ಕಷ್ಟ. ಆದರೂ ನೋಡೋಣ.

ಕೋಲಾರದಲ್ಲಿ 30 ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಈಗ ರೇಡಿಯೋ ಕೇಳುತ್ತಿರುವವರಲ್ಲಿ ಜೀಪು ಇರುವವರು ಎರಡು ಥರ ಅಂತ ನನ್ನ ಲೆಕ್ಕ. ಒಬ್ಬರು ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರೈತರು. ಅವರ ಮಾವಿನ ತೋಪಿನ ಶೆಡ್ಡಿನಲ್ಲಿ ಅಪ್ಪನ ಕಾಲದ ಮಹೀಂದ್ರಾ ನಿಂತಿರುತ್ತದೆ, ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿರುತ್ತದೆ. ಇನ್ನೊಬ್ಬರು ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರು. ಮಹೀಂದ್ರಾದ ಹಳೇ ಎಂಎಂ 540 ಜೀಪು ಅಥವಾ ಮಾರುತಿ ಜಿಪ್ಸಿ ಹುಡುಕಿ ತಂದು, ಭಾನುವಾರ ಬಂದರೆ ಬೆಟ್ಟದ ಬುಡ, ಕೆರೆ ಅಂಗಳ ಅಂತ ಓಡಿಸುವವರು. ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು. ನಿಮ್ಮ ಜೀಪಿಗೆ ಮೂಗಿದೆ. ಅದನ್ನು ತೆರೆದಿಡಿ.

ನಗಬೇಡಿ. ಗಾಡಿ ಕೆಳಗೆ ಒಂದು ಗೋಣಿಚೀಲ ಹಾಸಿ ಮಲಗಿ ನೋಡಿ. ಹಿಂದಿನ ಎರಡು ಚಕ್ರಗಳ ನಡುವೆ ದಪ್ಪನೆಯ ಕಬ್ಬಿಣದ ಕೊಳವೆ ಇದೆ. ನಡುವೆ ಕುಂಬಳಕಾಯಿ ಥರ ಉಬ್ಬಿಕೊಂಡಿದೆ. ಅದನ್ನು ನಾವು ಹೌಸಿಂಗ್ ಅನ್ನುತ್ತೇವೆ. ಒಳಗೆ ಕ್ರೌನ್ ಮತ್ತು ಪಿನಿಯನ್ ಅನ್ನೋ ಹಲ್ಲುಚಕ್ರಗಳು ಎಣ್ಣೆಯಲ್ಲಿ ತಿರುಗುತ್ತಿರುತ್ತವೆ. ಮುಂದಿನ ಚಕ್ರಗಳಿಗೂ ಅಂಥದ್ದೇ ಇನ್ನೊಂದು ಹೌಸಿಂಗ್. ಎರಡರ ನೆತ್ತಿಯ ಮೇಲೂ ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಟೊಪ್ಪಿ ಕಾಣುತ್ತದೆ. ಅದೇ ಬ್ರೀದರ್. ಅದೇ ನಾನು ಹೇಳುವ ಮೂಗು.

ಅದಕ್ಕೇನು ಕೆಲಸ ಅಂತೀರಾ? ಮಕ್ಕಳಿಗೆ ಡಬ್ಬಿ ಕಟ್ಟುವ ತಾಯಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಸುಡು ಸುಡುವ ಸಾರು ಹಾಕಿ ಡಬ್ಬಿ ಮುಚ್ಚಳ ಬಿಗಿ ಮಾಡಿ. ಮಧ್ಯಾಹ್ನದ ಹೊತ್ತಿಗೆ ಮುಚ್ಚಳ ಜಪ್ಪಯ್ಯ ಅಂದರೂ ಬರಲ್ಲ. ಒಳಗಿನದು ತಣ್ಣಗಾಗಿ ಮುಚ್ಚಳವನ್ನು ಒಳಕ್ಕೆ ಎಳೆದುಕೊಂಡಿರುತ್ತದೆ, ಅಲ್ವಾ? ಹೌಸಿಂಗ್ ಕೂಡ ಹಾಗೇ. ರಸ್ತೆಯಲ್ಲಿ 20 ಕಿಲೋಮೀಟರ್ ಓಡಿದರೆ ಮುಟ್ಟಿದರೆ ಸುಡುವಷ್ಟು ಬಿಸಿಯಾಗುತ್ತದೆ. ಹಾಗೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಗೇ ಕುಗ್ಗುತ್ತದೆ. ಹೊರಗಿಂದ ಏನಾದರೂ ಒಳಗೆ ಎಳೆದುಕೊಳ್ಳಲೇಬೇಕು. ಮೂಗು ತೆರೆದಿದ್ದು ನೀರಿನ ಮೇಲಿದ್ದರೆ ಗಾಳಿ ಎಳೆಯುತ್ತದೆ. ಮಣ್ಣು ಕಟ್ಟಿದ್ದರೆ ಚಕ್ರದ ಕಡೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಸಂದಿಯಿಂದ ನೀರು ಎಳೆಯುತ್ತದೆ.

ಮೊದಲು ನಮ್ಮ ಕಡೆ ಈ ಪ್ರಶ್ನೆಯೇ ಇರಲಿಲ್ಲ. ನೀರೆಲ್ಲಿತ್ತು ನಮ್ಮೂರಲ್ಲಿ? ಆಗ ನಮ್ಮ ಶತ್ರು ಧೂಳು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ನೀರು ಬಂತು, ಕೆರೆಗಳು ಒಂದೊಂದಾಗಿ ತುಂಬಿದವು. ಒಣಗಿ ದಾರಿಯಾಗಿದ್ದ ಕಾಲುವೆಗಳಲ್ಲಿ ಈಗ ನೀರು ಹರಿಯುತ್ತದೆ. ಒಳ್ಳೆಯದೇ. ಆದರೆ ಜೀಪಿನವರು ಇನ್ನೂ ಧೂಳಿನ ಕಾಲದ ಲೆಕ್ಕದಲ್ಲೇ ಗಾಡಿ ನೋಡಿಕೊಳ್ಳುತ್ತಿದ್ದಾರೆ.

ಒಂದು ಸಂಗತಿ ಹೇಳುತ್ತೇನೆ. 2021ರ ನವೆಂಬರ್ ಮಳೆ ನಿಮಗೆ ನೆನಪಿರಬೇಕು. ಎಲ್ಲಿ ನೋಡಿದರೂ ಕೆರೆ ಕೋಡಿ ಬಿದ್ದಿತ್ತು. ಕೋಡಿ ನೋಡೋಕೆ ಜನ ಜಾತ್ರೆಗೆ ಹೋದ ಹಾಗೆ ಹೋಗುತ್ತಿದ್ದರು. ಟೊಮೆಟೊ ಮಂಡಿಯವರ ಮನೆಯ ಒಬ್ಬ ಹುಡುಗ, ತಾತನ ಎಂಎಂ 540 ಜೀಪನ್ನು ಆಗತಾನೇ ರೆಡಿ ಮಾಡಿಸಿದ್ದ. ಹೊಸ ಪೇಂಟು, ದಪ್ಪ ಟೈರು, ಮುಂದೆ ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚು, ಮೇಲೆ ಸಾಲಾಗಿ ಲೈಟು. ಆ ಲೈಟು ಹಾಕಿದರೆ ಪಕ್ಕದ ಹಳ್ಳಿಯ ಕೋಳಿ ಕೂಗಬೇಕು, ಹಾಗಿತ್ತು. ಬಂಗಾರಪೇಟೆ ಕಡೆಯಿಂದ ಜೋರಾಗಿ ಓಡಿಸಿಕೊಂಡು ಬಂದು ನೇರ ಕೋಡಿ ನೀರಿಗೆ ಇಳಿಸಿದ್ದಾನೆ. ನಡುವೆ ನಿಲ್ಲಿಸಿ ಫೋಟೋ ತೆಗೆಸಿಕೊಂಡಿದ್ದಾನೆ. ನೀರು ಚಕ್ರದ ಅರ್ಧಕ್ಕೂ ಮೇಲಿತ್ತು. ಕಾಲು ಗಂಟೆ ನಿಂತಿತ್ತಂತೆ ಜೀಪು. ಆಮೇಲೆ ಆರಾಮಾಗಿ ಹತ್ತಿ ಬಂತು. ಗಾಡಿ ಅಂದ್ರೆ ಇದು ಅಂತ ಎಲ್ಲರೂ ಚಪ್ಪಾಳೆ ಹೊಡೆದರಂತೆ. ಹರಿಯುವ ನೀರಿಗೆ ಹಾಗೆ ಗಾಡಿ ಇಳಿಸಬಾರದು, ಆ ಜಗಳ ಆಮೇಲೆ ಆಡಿದೆ ಬಿಡಿ.

ಒಂದು ತಿಂಗಳಾದ ಮೇಲೆ 40ರ ಸ್ಪೀಡಿನಲ್ಲಿ ಹಿಂದಿನಿಂದ ಕುಂಯ್ ಅಂತ ಸದ್ದು ಶುರುವಾಯಿತು. ದಪ್ಪ ಟೈರಿನ ಸದ್ದು ಅಂದುಕೊಂಡ. ಸದ್ದು ಕೇಳಬಾರದು ಅಂತ ಒಂದು ಮ್ಯೂಸಿಕ್ ಸಿಸ್ಟಮ್ ಹಾಕಿಸಿದ. ನಿಜವಾಗಲೂ ಹಾಕಿಸಿದ! ಸಂಕ್ರಾಂತಿ ಕಳೆದ ಮೇಲೆ ನನ್ನ ಹತ್ತಿರ ಬಂದ. "ಅಣ್ಣಾ, ಸ್ವಲ್ಪ ಗ್ರೀಸ್ ಹೊಡೆದುಬಿಡಿ, ಸರಿಹೋಗುತ್ತೆ" ಅಂದ.

ನಾನು ಹೌಸಿಂಗಿನ ಕವರ್ ಸಡಿಲಿಸಿ ಕೆಳಗೆ ಬಾಂಡ್ಲಿ ಇಟ್ಟೆ. ಗೇರ್ ಎಣ್ಣೆ ಜೇನಿನ ಬಣ್ಣ ಇರಬೇಕು, ಹಳೆಯದಾದರೆ ಕಪ್ಪಗಾಗಿರಬೇಕು. ಬಂದದ್ದು ಹೋಟೆಲ್ ಕಾಫಿ. ಹಾಲು ಜಾಸ್ತಿ ಹಾಕಿದ ಕಾಫಿ, ಮೇಲೆ ನೊರೆ ಬೇರೆ. ಬಾಂಡ್ಲಿಯ ತಳದಲ್ಲಿ ಬೆಳ್ಳಿ ಪುಡಿ ಥರ ಮಿನುಗುತ್ತಿತ್ತು. ಬೆರಳಲ್ಲಿ ತೆಗೆದು ಹುಡುಗನಿಗೆ ತೋರಿಸಿದೆ. "ಇದೇನಣ್ಣಾ?" ಅಂದ. "ನಿನ್ನ ಬೇರಿಂಗು ಕಣಪ್ಪಾ" ಅಂದೆ. ಬೇರಿಂಗಿನ ರೋಲರುಗಳ ಮೇಲೆ ಸಿಡುಬಿನ ಕಲೆ ಥರ ಗುಳಿ ಬಿದ್ದಿತ್ತು. ಕ್ರೌನಿನ ಹಲ್ಲು ಸವೆದು ಅಂಚು ಚೂಪಾಗಿತ್ತು.

ಆಮೇಲೆ ಮೂಗು ಹುಡುಕಿದೆ. ಸಿಗಲಿಲ್ಲ. ಟಾರ್ಚ್ ಹಾಕಿದೆ, ಆಗಲೂ ಸಿಗಲಿಲ್ಲ. ಕೈಯಾಡಿಸಿದಾಗ ಒಂದು ಗಂಟು ತಗುಲಿತು. ಅದರ ಮೇಲೆ ಹೊಸ ಕಪ್ಪು ಪೇಂಟು ಮೂರು ಕೋಟು! ಪೇಂಟ್ ಮಾಡಿದವರು ಹಳೇ ಮಣ್ಣನ್ನು ಕೆರೆಯದೆ, ಬ್ರೀದರ್ ಸಮೇತ ಎಲ್ಲಕ್ಕೂ ಹೊಡೆದಿದ್ದರು. ನೋಡೋಕೆ ಲಕಲಕ ಅನ್ನುತ್ತಿತ್ತು. ಚಾಕು ತುದಿಯಲ್ಲಿ ಕೆರೆದೆ. ಒಳಗೆ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು.

ಅಷ್ಟರಲ್ಲಿ ಅವರ ತಾತನೂ ಬಂದಿದ್ದರು. ಹಾಲಿನ ಕ್ಯಾನು, ಟೊಮೆಟೊ ಕ್ರೇಟು, ಮಾವಿನಕಾಯಿ, ಒಂದು ಸಲ ಹೆರಿಗೆಯ ಹೆಂಗಸು, ಎಲ್ಲವನ್ನೂ ಇದೇ ಜೀಪಿನಲ್ಲಿ ಸಾಗಿಸಿದವರು. ಬಾಂಡ್ಲಿ ನೋಡಿದರು, ಆ ಗಂಟು ನೋಡಿದರು. "ಎತ್ತಿಗೆ ಕೊಂಬು ಸವರಿ ಬಣ್ಣ ಹಚ್ಚಿ, ಮೂಗಿಗೆ ಬಟ್ಟೆ ತುರುಕಿದ್ದೀಯಲ್ಲೋ" ಅಂದರು. ಮೊಮ್ಮಗ ತಲೆ ಎತ್ತಲಿಲ್ಲ. ಈ ಮೂಗು ಅನ್ನೋ ಮಾತು ನಾನು ಕಲಿತದ್ದು ಅವರಿಂದಲೇ. ಹೊಸ ಕ್ರೌನ್ ಪಿನಿಯನ್, ಬೇರಿಂಗು, ಸೀಲು, ಕೂಲಿ ಎಲ್ಲ ಸೇರಿ ಆದ ಬಿಲ್ಲನ್ನು ನಾನು ಇಲ್ಲಿ ಹೇಳಲ್ಲ. ಮ್ಯೂಸಿಕ್ ಸಿಸ್ಟಮ್ ಮಾರಿದರು ಅಂತ ಮಾತ್ರ ಗೊತ್ತು.

ಇದಕ್ಕೆ ಪರಿಹಾರ ಇನ್ನೂರು ಮುನ್ನೂರು ರೂಪಾಯಿಯದ್ದು. ಬ್ರೀದರ್ ಬಿಚ್ಚಿ, ಅದೇ ಥ್ರೆಡ್ಡಿನ ಒಂದು ನಿಪ್ಪಲ್ ಹಾಕಿ. ಅದಕ್ಕೆ ಡೀಸೆಲ್ ಪೈಪಿಗೆ ಬಳಸುವ ರಬ್ಬರ್ ಹೋಸ್ ಸಿಕ್ಕಿಸಿ ಕ್ಲಿಪ್ ಬಿಗಿ ಮಾಡಿ. ಹಿಂದಿನದನ್ನು ಬಾಡಿಯ ಎತ್ತರಕ್ಕೆ, ಮುಂದಿನದನ್ನು ಬಾನೆಟ್ ಒಳಗೆ ಮೇಲಕ್ಕೆ ತನ್ನಿ. ತುದಿ ಕೆಳಮುಖವಾಗಿ ಬಗ್ಗಿರಲಿ. ಹೋಸ್ ಸ್ವಲ್ಪ ಸಡಿಲ ಬಿಡಿ, ಹಳ್ಳಕ್ಕೆ ಇಳಿದಾಗ ಹೌಸಿಂಗ್ ಒಂದು ಗೇಣು ಕೆಳಗೆ ಹೋಗುತ್ತದೆ, ಬಿಗಿಯಾಗಿದ್ದರೆ ಕಿತ್ತು ಬರುತ್ತದೆ. ಇಷ್ಟೇ. ವಿಂಚಿಗೆ ದುಡ್ಡಿದೆ, ಇದಕ್ಕಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ನೀರಿಗಿಳಿಸಿ ಬಂದ ವಾರದೊಳಗೆ ಎಣ್ಣೆ ನೋಡಿ. ಮೊದಲು ಎಣ್ಣೆ ಹಾಕುವ ನಟ್ಟು ಬಿಚ್ಚಿ, ಕೆಳಗಿನದನ್ನಲ್ಲ. ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನ ನಟ್ಟು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲಬೇಕು. ಕಿರುಬೆರಳು ಒಳಗೆ ಹಾಕಿ, ಬೆರಳಿಗೆ ಹತ್ತಿದ ಬಣ್ಣ ನೋಡಿ. ಕಾಫಿ ಬಂತೋ, ಅದೇ ದಿನ ಪೂರ್ತಿ ಎಣ್ಣೆ ಬದಲಾಯಿಸಿ. ಗೇರ್ ಬಾಕ್ಸ್, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡಕ್ಕೂ ಇದೇ ಮಾತು. ಅವಕ್ಕೂ ಮೂಗಿದೆ.

ಟೈಮ್ ನೋಡಿದೆ, ಕಥೆಯಲ್ಲೇ ಬಹಳ ಹೊತ್ತು ಹೋಯಿತು. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಶೆಡ್ಡಿನ ಜೀಪಿನವರು ಸುಮ್ನೆ ತಿಂಗಳಿಗೊಂದು ಸಲವಾದರೂ ಮಣ್ಣು ದಾರಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲಿವರ್ ಹಾಕಿ ಸ್ವಲ್ಪ ದೂರ ಓಡಿಸಿ. ಇಲ್ಲದಿದ್ದರೆ ಬೇಕಾದ ದಿನ ಅದು ಬೀಳಲ್ಲ. ಡಾಂಬರ್ ಮೇಲೆ ಮಾತ್ರ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು, ಹಿಂದಿನದು ಕಡಿಮೆ. ಮಣ್ಣಿನಲ್ಲಿ ಚಕ್ರ ಜಾರಿ ಅದು ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲ್ಲ, ಆ ಭಾರವೆಲ್ಲ ಗೇರು ಶಾಫ್ಟುಗಳ ಮೇಲೆ ಬೀಳುತ್ತದೆ. ಮಳೆ ಬಂತು ಅಂತ ಹೈವೇಯಲ್ಲಿ ನಾಲ್ಕು ಚಕ್ರ ಹಾಕಿಕೊಂಡು ಬರುವವರನ್ನು ನೋಡಿದ್ದೇನೆ. ಏನು ಹೇಳೋದು!

ಸ್ಟಿಯರಿಂಗ್ ಗಡಗಡ ನಡುಗಿದರೆ ಮೊದಲೇ ನಡುಕ ತಡೆಯುವ ಹೊಸ ಡ್ಯಾಂಪರ್ ಕೊಳ್ಳಲು ಓಡಬೇಡಿ. ಮುಂದಿನ ಚಕ್ರ ಹೊರಳುವ ಕೀಲಿನ ಕಿಂಗ್ ಪಿನ್ ಬೇರಿಂಗು, ಎರಡು ಚಕ್ರ ಜೋಡಿಸುವ ಟೈ ರಾಡ್ ಎಂಡು, ಪಟ್ಟಾ ಅಂದರೆ ಲೀಫ್ ಸ್ಪ್ರಿಂಗಿನ ಬುಷ್ ನೋಡಿ. ಪಟ್ಟಾದ ಯು ಬೋಲ್ಟುಗಳನ್ನು ಪ್ರತಿ ಸಲ ಬೆಟ್ಟ ಸುತ್ತಿ ಬಂದ ಮೇಲೆ ಬಿಗಿ ಮಾಡಿ. ಗ್ರೀಸ್ ಹೊಡೆಯುವಾಗ ಹಳೇ ಗ್ರೀಸ್ ಹೊರಗೆ ಬಂದು ಹೊಸದು ಕಾಣುವವರೆಗೆ ಹೊಡೆಯಿರಿ, ಎರಡು ಸಲ ಒತ್ತಿ ಬಿಡುವುದಲ್ಲ. ವಾಟರ್ ಸರ್ವಿಸಿನಲ್ಲಿ ಆ ಜೋರು ನೀರನ್ನು ನೇರ ಸೀಲಿಗೆ, ಮೂಗಿಗೆ ಬಿಡಿಸಬೇಡಿ.

ಹಳೇ ಮಹೀಂದ್ರಾಗಳಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ನೀರಿನಿಂದ ಎದ್ದ ತಕ್ಷಣ ಬ್ರೇಕ್ ಹಿಡಿಯಲ್ಲ. ನಿಧಾನಕ್ಕೆ ಹೋಗುತ್ತಾ ಪೆಡಲನ್ನು ಮೆಲ್ಲಗೆ ಒತ್ತಿ ಒತ್ತಿ ಬಿಸಿ ಮಾಡಿ ಒಣಗಿಸಿಕೊಳ್ಳಿ, ಆಮೇಲೆ ರಸ್ತೆಗೆ ಹತ್ತಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಟೈರಿನ ಗಾಳಿ ಬಗ್ಗೆ ಹೇಳಬೇಕಿತ್ತು, ಆಗಲಿಲ್ಲ. ಗ್ಯಾರೇಜಿಗೆ ಬನ್ನಿ, ಟೀ ಕುಡಿಯುತ್ತಾ ಹೇಳುತ್ತೇನೆ. ಆದರೆ ಬಂದ ಕೂಡಲೇ ನಾನು ಮೊದಲು ಕೇಳುವುದು ಮೂಗು ನೋಡಿದ್ರಾ ಅಂತಲೇ. ನಮಸ್ಕಾರ.