ಕೋಟೆ ಹತ್ತಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮುಖ್ಯವಾಗಿ ಮಾತನಾಡುವುದು ಸಮಾಜ ವಿಜ್ಞಾನ ಕಲಿಸುವ ಗುರುಗಳ ಜೊತೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಸಿರುಗುಪ್ಪ, ಮಾನ್ವಿ ಕಡೆಯ ಶಾಲೆಗಳಲ್ಲಿ ನಾಳೆಯ ಪಾಠಕ್ಕೆ ಟಿಪ್ಪಣಿ ಬರೆಯುತ್ತ ಕುಳಿತಿರುವವರು ದಯವಿಟ್ಟು ಪೆನ್ನು ಕೆಳಗಿಟ್ಟು ಹತ್ತು ನಿಮಿಷ ನನ್ನ ಮಾತು ಕೇಳಿ. ಮಕ್ಕಳೂ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು.

1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ನಡೆದ ಹೋರಾಟದ ಪಾಠ ಬಂದಾಗ ನಾವು ಬೋರ್ಡಿನ ಮೇಲೆ ಏನು ಬರೆಯುತ್ತೇವೆ? 'ಬ್ರಿಟಿಷರು ಕೋಟೆಯನ್ನು ವಶಪಡಿಸಿಕೊಂಡರು.' ಮಕ್ಕಳು ಬರೆದುಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ, ಪರೀಕ್ಷೆಯಲ್ಲಿ ಎರಡು ಅಂಕ ಬರುತ್ತದೆ. ಆ ವಾಕ್ಯದಲ್ಲಿ 'ಬ್ರಿಟಿಷರು' ಎಂಬ ಪದವಿದೆಯಲ್ಲ, ಅದನ್ನು ಒಡೆದು ತೋರಿಸಿ. ನನ್ನ ಕೋರಿಕೆ ಇಷ್ಟೇ. ಕೋಟೆ ಹತ್ತಿದವರು ಯಾರು ಎಂದು ಮಕ್ಕಳು ಕೇಳುವಂತೆ ಮಾಡಿ. ಯಾವ ಊರಿನವರು, ಯಾರ ಮಕ್ಕಳು, ಯಾವ ಹಸಿವಿಗೆ ಆ ಅಂಗಿ ತೊಟ್ಟವರು?

ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಮುಂಡರಗಿಯ ಭೀಮರಾಯ ಒಂದು ಕಾಲಕ್ಕೆ ಬಳ್ಳಾರಿ ಸೀಮೆಯಲ್ಲಿ ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದವನು. ಆ ಕೆಲಸ ಹೋಗಿತ್ತು. ಹಮ್ಮಿಗಿಯ ಕೆಂಚನಗೌಡ ಅವನ ಜೊತೆಗಾರ. ಜನರೆಲ್ಲ ಆಯುಧ ಒಪ್ಪಿಸಬೇಕೆಂದು ಸರ್ಕಾರ ಹುಕುಂ ಹೊರಡಿಸಿದ್ದ ಕಾಲ ಅದು. ಕತ್ತಿ, ಬಂದೂಕು ಮನೆಯ ಗೌರವವೆಂದು ತಿಳಿದಿದ್ದ ನಮ್ಮ ಕಡೆಯ ಜನಕ್ಕೆ ಅದು ನುಂಗಲಾರದ ತುತ್ತಾಯಿತು. ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳ ಸುಳಿವು ಅಧಿಕಾರಿಗಳಿಗೆ ಸಿಕ್ಕಿತು. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. 1858ರ ಮೇ ಕೊನೆಯಲ್ಲಿ ಭೀಮರಾಯನ ಜನ ಡಂಬಳದ ಖಜಾನೆಯ ಮೇಲೆ ಬಿದ್ದರು, ಅಲ್ಲಿಂದ ಬಂದು ಕೊಪ್ಪಳದ ಕೋಟೆ ಹಿಡಿದರು. ಅದೇ ವಾರ, ಮೇ 29ರ ರಾತ್ರಿ, ನರಗುಂದದ ಅರಸ ಬಾಬಾಸಾಹೇಬ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಮ್ಯಾನ್ಸನ್‌ನನ್ನು ಕೊಂದ. ಕೊಪ್ಪಳದ ಮೇಲೆ ಮೇಜರ್ ಹ್ಯೂಸ್ ಎಂಬಾತ ಬಳ್ಳಾರಿಯ ದಂಡಿನ, ಅಂದರೆ ಅಲ್ಲಿದ್ದ ಸೈನ್ಯದ ನೆಲೆಯ, ಪಡೆಯನ್ನು ತಂದ. ಜೂನ್ 1ರಂದು ಕೋಟೆ ಬಿತ್ತು. ಭೀಮರಾಯ, ಕೆಂಚನಗೌಡ ಇಬ್ಬರೂ ಹೋರಾಡುತ್ತ ಸತ್ತರು.

ಇಷ್ಟು ಪುಸ್ತಕದಲ್ಲಿಯೂ ಸಿಗುತ್ತದೆ. ಈಗ ಹ್ಯೂಸ್‌ನ ಹಿಂದೆ ನಡೆದು ಬಂದವರನ್ನು ನೋಡೋಣ.

ಒಂದು ಗುಂಪು 74ನೆಯ ಹೈಲ್ಯಾಂಡರ್ಸ್ ಎಂಬ ರೆಜಿಮೆಂಟಿನದು. ಇವರು ಸ್ಕಾಟ್‌ಲೆಂಡಿನ ಪಲ್ಟನ್. ಇದೇ ರೆಜಿಮೆಂಟ್ 1803ರಲ್ಲಿ ಈಗಿನ ಮಹಾರಾಷ್ಟ್ರದ ಅಸ್ಸಾಯೆಯಲ್ಲಿ ಮರಾಠರ ಫಿರಂಗಿಗಳ ಎದುರು ನಿಂತು ಹೆಚ್ಚುಕಡಿಮೆ ನುಚ್ಚುನೂರಾಗಿತ್ತು. ಅದರ ನೆನಪಿಗೆ ಆನೆಯ ಗುರುತನ್ನು ಬಿರುದಾಗಿ ಪಡೆದಿತ್ತು. ಇನ್ನೊಂದು ಗುಂಪು ಕಂಪನಿಯ ಮದ್ರಾಸ್ ಸೈನ್ಯದ ಸಿಪಾಯಿಗಳದು. ತೆಲುಗರು, ತಮಿಳರು, ದಖನಿ ಮಾತನಾಡುವ ಮುಸಲ್ಮಾನರು. ಅಂದರೆ ಆ ದಿನ ನಮ್ಮ ಬೆಟ್ಟಕ್ಕೆ ಬಂದವರಲ್ಲಿ ಕೃಷ್ಣಾ, ಕಾವೇರಿ ನೀರು ಕುಡಿದು ಬೆಳೆದವರೂ ಇದ್ದರು. 'ಬ್ರಿಟಿಷರು' ಎಂಬ ಒಂದೇ ಪದದೊಳಗೆ ಇವರೆಲ್ಲ ಹೂತುಹೋಗಿದ್ದಾರೆ.

ಇದನ್ನು ತರಗತಿಯಲ್ಲಿ ಕುಳಿತು ಹೇಳಿದರೆ ಮಕ್ಕಳಿಗೆ ತಟ್ಟುವುದಿಲ್ಲ. ನನಗೆ ಇದು ಗೊತ್ತಾದದ್ದು ಒಂದು ದಿನ ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳನ್ನು ಕೊಪ್ಪಳದ ಕೋಟೆಗೆ ಕರೆದುಕೊಂಡು ಹೋದಾಗ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೆಳಿಗ್ಗೆ ಏಳಕ್ಕೆ ಬೆಟ್ಟದ ಬುಡದಲ್ಲಿದ್ದೆವು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ತಲೆಗೊಂದು ನೀರಿನ ಬಾಟಲಿ. ಮೊದಲ ಬಾಗಿಲು ದಾಟುವಷ್ಟರಲ್ಲಿ ಅರ್ಧ ಮಕ್ಕಳ ಬಾಟಲಿ ಖಾಲಿಯಾಗಿತ್ತು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಸವೆದು ನುಣುಪಾಗಿವೆ, ಒಂದು ಮೊಣಕಾಲೆತ್ತರ, ಇನ್ನೊಂದು ಗೇಣೆತ್ತರ. ಏದುಸಿರು ಬಿಡುತ್ತ ಒಬ್ಬ ಹುಡುಗ ಗೋಡೆಗೆ ಕೈಯೂರಿ ನಿಂತ. "ಬಂದೂಕು ಹಿಡಿದುಕೊಂಡು ಹತ್ತಿದರಾ ಗುರುಗಳೇ?" ಎಂದು ಕೇಳಿದ. ನಾನು ಹೌದೆಂದೆ. ಬಳ್ಳಾರಿಯಿಂದ ಇಲ್ಲಿಗೆ ಇವತ್ತಿನ ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್. ಮೇ ತಿಂಗಳ ಬಿಸಿಲು. ಆ ಸೀಮೆಯ ಬಿಸಿಲನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಬಾಗಿಲ ಹತ್ತಿರ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಎರಡು ಪಾಳಿ ಮಾಡಿದೆ. ಒಂದು ಪಾಳಿ ಒಳಗಿನವರು, ಇನ್ನೊಂದು ಹೊರಗಿನವರು. ಒಳಗಿನ ಪಾಳಿಗೆ ಎಲ್ಲರೂ ಓಡಿದರು. ನಲವತ್ತು ಮಕ್ಕಳೂ ಭೀಮರಾಯನೇ! ಬ್ರಿಟಿಷರಾಗಲು ಒಬ್ಬರೂ ತಯಾರಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಮೊದಲೇ ಬರೆದಿಟ್ಟುಕೊಂಡಿದ್ದ ಚೀಟಿಗಳನ್ನು ಟೋಪಿಯಲ್ಲಿ ಹಾಕಿ ಒಬ್ಬೊಬ್ಬರಿಂದ ಎತ್ತಿಸಿದೆ.

ಒಂದು ಚೀಟಿಯಲ್ಲಿ ಹೀಗಿತ್ತು: 'ನೀನು ಸ್ಕಾಟ್‌ಲೆಂಡಿನ ಬೆಟ್ಟದ ನಾಡಿನವನು. ನಿಮ್ಮ ಭೂಮಾಲೀಕ ಕುರಿ ಸಾಕಿದರೆ ಹೆಚ್ಚು ಲಾಭ ಎಂದು ನಿಮ್ಮ ಅಜ್ಜನನ್ನು ಒಕ್ಕಲೆಬ್ಬಿಸಿದ. ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಊರು ಹಸಿಯಿತು. ನೀನು ದಂಡಿಗೆ ಸೇರಿದೆ.' ಆ ಚೀಟಿ ಬಂದದ್ದು ಕುಷ್ಟಗಿ ಕಡೆಯ ಒಬ್ಬ ಹುಡುಗನಿಗೆ. ಅವನ ಅಪ್ಪ ಕುರಿ ಕಾಯುವವನು, ವರ್ಷದಲ್ಲಿ ಆರು ತಿಂಗಳು ಮಂದೆಯ ಹಿಂದೆ ಅಲೆಯುವವನು. ಹುಡುಗ ಚೀಟಿಯನ್ನು ಎರಡು ಸಲ ಓದಿದ. "ಕುರಿಗೋಸ್ಕರ ಮನುಷ್ಯರನ್ನು ಓಡಿಸಿದರಾ?" ಎಂದ. ಅವನಿಗೆ ಆ ಮಾತನ್ನು ನಂಬಲಾಗಲಿಲ್ಲ. ಅವನ ಮನೆಯಲ್ಲಿ ಕುರಿ ಮನುಷ್ಯನಿಗೆ ಅನ್ನ ಕೊಡುತ್ತದೆ, ಊರು ಬಿಡಿಸುವುದಿಲ್ಲ. ಅಷ್ಟು ಹೊತ್ತಿಗೆ ಆ ಹೈಲ್ಯಾಂಡರ್ ಅವನಿಗೆ ಮನುಷ್ಯನಾಗಿದ್ದ.

ಇನ್ನೊಂದು ಚೀಟಿ: 'ನೀನು ಮದ್ರಾಸ್ ಸೈನ್ಯದ ಸಿಪಾಯಿ. ತಿಂಗಳಿಗೆ 7 ರೂಪಾಯಿ ಸಂಬಳ. ನಿನ್ನ ಹೆಂಡತಿ ಮಕ್ಕಳು ಬಳ್ಳಾರಿಯ ದಂಡಿನಲ್ಲಿಯೇ, ನಿನ್ನ ಪಲ್ಟನ್ನಿನ ಸಾಲುಮನೆಯಲ್ಲಿದ್ದಾರೆ. ನಾಲ್ಕು ವರ್ಷದ ಹಿಂದೆ ಈ ಸೀಮೆಯಲ್ಲಿ ಬರ ಬಿದ್ದಾಗ ಜನ ಸಾಯುವುದನ್ನು ಕಂಡಿದ್ದೀಯ. ನೀನು ಎಷ್ಟೇ ಶೂರನಾದರೂ ಸುಬೇದಾರ್ ಮೇಜರ್‌ಗಿಂತ ಮೇಲೆ ಹೋಗಲಾರೆ; ನಿನ್ನೆ ಹಡಗಿನಿಂದ ಇಳಿದ ಬಿಳಿಯ ಹುಡುಗನಿಗೂ ಸಲಾಮು ಹೊಡೆಯಬೇಕು. ಮುದುಕನಾದ ಮೇಲೆ ಪಿಂಚಣಿ ಬರುತ್ತದೆ ಎಂಬ ಭರವಸೆ ಇದೆ.' ಇದು ಬಂದದ್ದು ಹಿಂದಿನ ಸಾಲಿನ ಒಬ್ಬ ಹುಡುಗಿಗೆ. ವರ್ಷವಿಡೀ ನನ್ನ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅವಳು.

ಆಟ ಶುರುವಾಯಿತು. ಮೇಲೆ ನಿಂತವರು ಕೂಗಿದರು: "ಹತ್ತಿರ ಬರಬೇಡಿ! ಇದು ನಮ್ಮ ನೆಲ!" ಕೆಳಗಿನವರು ಮೆಟ್ಟಿಲು ಹತ್ತತೊಡಗಿದರು. ಈ ಹುಡುಗಿ ಮೂರನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟಳು. ಹಿಂದಿನವರು ನೂಕಿದರೂ ಕದಲಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು: "ಗುರುಗಳೇ, ಮೇಲಿನವರು ಕೂಗುವುದು ಆ ಸಿಪಾಯಿಗೆ ತಿಳಿಯುತ್ತಿತ್ತಾ?"

ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಇದಕ್ಕಿಂತ ದೊಡ್ಡ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ.

ನಾನು ಏನು ಹೇಳಿದೆ? ಬಳ್ಳಾರಿಯ ದಂಡಿನ ಪಕ್ಕದಲ್ಲಿ ಕೌಲ್ ಬಜಾರ್ ಇದೆ, ಈಗಲೂ ಇದೆ. ಅಂಥ ಪೇಟೆಯಲ್ಲಿ ಜೋಳ, ಬೆಲ್ಲ, ಎಣ್ಣೆ ಕೊಳ್ಳುವ ಮನೆಯವರ ಕಿವಿಗೆ ಕನ್ನಡ ಬೀಳದೆ ಇರುತ್ತದೆಯೇ? ತಿಳಿಯುತ್ತಿತ್ತಮ್ಮ, ಎಂದೆ. ಅವಳು ಚೀಟಿ ಮಡಚಿದಳು. "ಹಾಗಾದರೆ ಅವನಿಗೆ ಸ್ಕಾಟ್‌ಲೆಂಡಿನವನಿಗಿಂತ ಕಷ್ಟ" ಎಂದಳು. ಮೇಲಿನಿಂದ ಒಬ್ಬ ಹುಡುಗ "ಅವನು ದ್ರೋಹಿ!" ಎಂದು ಕೂಗಿದ. ಕುರಿ ಕಾಯುವವನ ಮಗ ಅವನಿಗೆ, "ನಿಮ್ಮ ಮನೆಯಲ್ಲಿ ಮೂರು ದಿನ ಒಲೆ ಹಚ್ಚದೆ ಇದ್ದರೆ ನೀನು ಏನು ಮಾಡುತ್ತಿದ್ದೆ?" ಎಂದು ಕೇಳಿದ. ಅಲ್ಲಿಯೇ, ಆ ಬಾಗಿಲ ಕಲ್ಲಿನ ಮೇಲೆ ಕುಳಿತು, ನಲವತ್ತು ಮಕ್ಕಳು ಒಂದು ಗಂಟೆ ವಾದ ಮಾಡಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ರೊಟ್ಟಿ ತಿನ್ನುವಾಗಲೂ ವಾದ, ಇಳಿಯುವಾಗಲೂ ವಾದ. ಭೀಮರಾಯನ ಮೇಲಿನ ಅವರ ಅಭಿಮಾನ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಕೆಲಸ ಕಳೆದುಕೊಂಡವನು, ಸಂಬಳದವರನ್ನು ಎದುರಿಸಿ ನಿಂತನಲ್ಲ ಎಂದು ಅದು ಹೆಚ್ಚೇ ಆಯಿತು.

ಕೆಲವು ಗುರುಗಳು ನನ್ನೊಡನೆ ಇದಕ್ಕೇ ಜಗಳ ತೆಗೆಯುತ್ತಾರೆ. ಸಿಪಾಯಿಯ ಹಸಿವಿನ ಮಾತು ಎತ್ತಿದರೆ ಹುತಾತ್ಮರಿಗೆ ಅವಮಾನವಾಗುತ್ತದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎದುರಿಗೆ ಯಾರು ನಿಂತಿದ್ದರು ಎಂದು ತಿಳಿಯದೆ ಭೀಮರಾಯನ ಧೈರ್ಯವನ್ನು ಅಳೆಯುವುದು ಹೇಗೆ? ಕೋಟೆ ಹತ್ತಿದವರು ಯಾರು ಎಂದು ಕೇಳಿ, ಆಗ ಕೋಟೆ ಕಾಯ್ದವರೂ ಕಾಣುತ್ತಾರೆ.

ಮಕ್ಕಳು ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ತಯಾರಾಗಿರಿ. ಇದೇ ಕೋಟೆಯನ್ನು ಟಿಪ್ಪು ಸುಲ್ತಾನ 1786ರಲ್ಲಿ ಫ್ರೆಂಚ್ ಎಂಜಿನಿಯರುಗಳನ್ನು ಹಚ್ಚಿ ಬಲಪಡಿಸಿದ. 1790ರಲ್ಲಿ ಕಂಪನಿ ಮತ್ತು ನಿಜಾಮನ ಪಡೆಗಳು ಸೇರಿ ಮುತ್ತಿದಾಗ ಅದು ಸುಮಾರು ಆರು ತಿಂಗಳು ಬಗ್ಗಲಿಲ್ಲ. 1858ರಲ್ಲಿ ಯಾಕೆ ಅಷ್ಟು ಬೇಗ ಬಿತ್ತು? ಕಲ್ಲು ಅದೇ, ಬೆಟ್ಟ ಅದೇ. ಒಳಗೆ ಕಾವಲಿಗೆ ಜನ ಬೇಕು, ಮದ್ದು ಬೇಕು, ತಿಂಗಳುಗಟ್ಟಲೆಗೆ ಕಾಳು ಬೇಕು. ಭೀಮರಾಯನಿಗೆ ಸಿಕ್ಕಿದ್ದು ಕೆಲವೇ ದಿನ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ.

ರಾಯಚೂರು ಜಿಲ್ಲೆಯವರು ಕೊಪ್ಪಳದ ತನಕ ಬರಬೇಕಾಗಿಲ್ಲ. ಲಿಂಗಸುಗೂರಿನಲ್ಲಿ ಛಾವಣಿ, ಅಂದರೆ ಸೈನ್ಯದ ನೆಲೆ, ಎಂಬ ಹೆಸರು ಇನ್ನೂ ಉಳಿದಿದೆ. ಅಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆ ಇತ್ತು. ಸಂಬಳ ಕೊಡಬೇಕಾದವನು ನಿಜಾಮ, ಅಪ್ಪಣೆ ಕೊಡುವವರು ಇಂಗ್ಲಿಷ್ ಅಧಿಕಾರಿಗಳು. ಆ ಪಡೆಯ ಖರ್ಚಿನ ಸಾಲಕ್ಕೇ ನಿಜಾಮ 1853ರಲ್ಲಿ ರಾಯಚೂರು ದೋಆಬನ್ನು, ಅಂದರೆ ಕೃಷ್ಣಾ-ತುಂಗಭದ್ರೆಯರ ನಡುವಿನ ಸೀಮೆಯನ್ನು, ಕಂಪನಿಯ ವಶಕ್ಕೆ ಬಿಟ್ಟುಕೊಟ್ಟ, 1860ರಲ್ಲಿ ಅದು ಮರಳಿತು. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಹೋದವರಲ್ಲಿ ಈ ಲಿಂಗಸುಗೂರಿನ ಪಡೆಯೂ ಇತ್ತು. ಕೃಷ್ಣೆಯ ಈ ದಡದವರು ಆ ದಡದವರ ಮೇಲೆ ಹೋದರು. ಇದೇ ಕಂಟಿಂಜೆಂಟಿನ ಇತರ ತುಕಡಿಗಳು ಅದೇ ವರ್ಷ ಬ್ರಿಟಿಷ್ ಸೇನಾಪತಿ ಸರ್ ಹ್ಯೂ ರೋಸ್‌ನ ಜೊತೆ ಝಾನ್ಸಿ, ಕಾಲ್ಪಿಯ ತನಕ ನಡೆದವು. ಹಾಗೆಂದು ಎಲ್ಲರೂ ಬಾಯಿ ಮುಚ್ಚಿ ನಡೆದರು ಎಂದಲ್ಲ. 1857ರ ಜೂನ್‌ನಲ್ಲಿ ಔರಂಗಾಬಾದಿನಲ್ಲಿ ಇದೇ ಕಂಟಿಂಜೆಂಟಿನ ಕುದುರೆ ಸವಾರರು ತಿರುಗಿಬಿದ್ದಿದ್ದರು. ಒಂದೇ ಅಂಗಿ, ಎರಡು ದಾರಿ. ಇದರ ಮೇಲೆಯೇ ಒಂದು ಪೂರ್ತಿ ಪಾಠ ಮಾಡಬಹುದು.

ಇನ್ನೊಂದು ಸಂಗತಿ, ಇದನ್ನು ದೊಡ್ಡ ಮಕ್ಕಳಿಗೆ ತಪ್ಪದೆ ಹೇಳಿ. 1857-58ರ ಆ ಯುದ್ಧದಲ್ಲಿ ಬಿಳಿಯ ಸೈನಿಕರಿಗೆ ವಿಕ್ಟೋರಿಯಾ ಕ್ರಾಸ್ ಎಂಬ ಪದಕ ಸಿಗುತ್ತಿತ್ತು. ಅದೇ ಮೆಟ್ಟಿಲು ಹತ್ತಿ, ಅದೇ ಗುಂಡು ತಿಂದ ದೇಶೀ ಸಿಪಾಯಿಗೆ ಆ ಪದಕ ಪಡೆಯುವ ಹಕ್ಕು ಬಂದದ್ದು 1911ರಲ್ಲಿ. ಲೆಕ್ಕ ಹಾಕಿ, ಐವತ್ತಮೂರು ವರ್ಷದ ನಂತರ.

ಬಳ್ಳಾರಿಯವರು ಹಳೆಯ ದಂಡು ಪ್ರದೇಶದಲ್ಲಿ, ಕೌಲ್ ಬಜಾರಿನಲ್ಲಿ ಮಕ್ಕಳನ್ನು ಒಂದು ಸುತ್ತು ನಡೆಸಿಕೊಂಡು ಬನ್ನಿ. ರಸ್ತೆಯ ಹೆಸರು, ಬಡಾವಣೆಯ ಹೆಸರು ಬರೆದುಕೊಳ್ಳಲು ಹೇಳಿ. ಹಿರಿಯರು ಸಿಕ್ಕರೆ, ನಿಮ್ಮ ಮನೆತನ ಈ ಊರಿಗೆ ಬಂದದ್ದು ಯಾವಾಗ, ಯಾಕೆ ಎಂದು ಮಕ್ಕಳೇ ಕೇಳಲಿ.

ಕೋಟೆಗೆ ಹೋಗುವವರು ಬೇಸಿಗೆಯಲ್ಲಿ ಹೋಗಬೇಡಿ. ದೀಪಾವಳಿ ಮುಗಿದ ಮೇಲೆ ಹೋಗಿ. ಏಳು ಗಂಟೆಗೆ ಬುಡದಲ್ಲಿರಿ, ತಲೆಗೆ ಎರಡೆರಡು ಬಾಟಲಿ ನೀರು ಇರಲಿ. ಚೀಟಿಗಳನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ. ಒಳಗಿನವರಿಗೂ ಚೀಟಿ ಬೇಕು: ಆಯುಧ ಕಿತ್ತುಕೊಂಡಿದ್ದಕ್ಕೆ ಬಂದವನು, ಭೀಮರಾಯನ ಮಾತಿಗೆ ಕಟ್ಟುಬಿದ್ದವನು, ಗೌಡನ ಅನ್ನದ ಋಣಕ್ಕೆ ಬಂದವನು. ಎತ್ತಿದ ಚೀಟಿಯನ್ನು ಬದಲಾಯಿಸಲು ಬಿಡಬೇಡಿ. ಮಕ್ಕಳು ಮೆಟ್ಟಿಲಿನ ಮೇಲೆ ನಿಂತು ಪ್ರಶ್ನೆ ಕೇಳಿದರೆ ಗಡಿಯಾರ ನೋಡಬೇಡಿ, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.

ನಮಸ್ಕಾರ.