ತೊಲೆಗೂ ಒಂದು ಗೊರಬು

ಕೇಳುಗರೇ, ನಮಸ್ಕಾರ.

ಹೋದ ಮಳೆಗಾಲ ಮುಗಿದ ಮೇಲೆ ಒಂದು ದಿನ ಮನೆ ಮುಂದಿನ ಚಪ್ಪರದ ತೊಲೆಯ ತುದಿಗೆ ಸುಮ್ನೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಎರಡು ಇಂಚು ಒಳಗೆ ಹೋಯಿತು, ಚಹಾದಲ್ಲಿ ನೆಂದ ರಸ್ಕಿಗೆ ಚುಚ್ಚಿದ ಹಾಗೆ. ಹಾಕಿಸಿ ಮೂರೇ ವರ್ಷ. ಆ ದಿನ ನನಗೆ ಊಟ ರುಚಿಸಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಮಳೆ ಹೇಗೆ ಅಂತ ನಿಮಗೇ ಗೊತ್ತು. ಈಗ ಇಲ್ಲಿನ ಹೋಂಸ್ಟೇಗಳಲ್ಲಿ, ತೋಟದ ಮನೆಗಳಲ್ಲಿ ಪದರದ ತೊಲೆ ಕಾಣಿಸುತ್ತಿದೆ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ ಮಾಡಿದ್ದು. ಗ್ಲುಲಮ್ ಅಂತಾರೆ. ನಮ್ಮ ಚಪ್ಪರದ್ದೂ ಅದೇ. ಜರ್ಮನಿಯ ಓಟೊ ಹೆಟ್ಜರ್ 1906ರಲ್ಲೇ ಬಾಗಿದ ತೊಲೆಗೆ ಇದರ ಪೇಟೆಂಟ್ ಪಡೆದಿದ್ದ. ಒಳ್ಳೆಯ ವಸ್ತು, ಗಟ್ಟಿ, ಸೀಳು ಕಡಿಮೆ. ಆದರೆ ಮರ ಮರವೇ. ಅದರಲ್ಲಿ ತೇವ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಬೂಸ್ಟು ಹಿಡಿಯುವುದಿಲ್ಲ, ಮೇಲೆ ಹೋಗಿ ಹಾಗೇ ತಿಂಗಳುಗಟ್ಟಲೆ ನಿಂತರೆ ಉಳಿಸುವುದು ಕಷ್ಟ.

ನಾನು ಮಾಡಿದ ತಪ್ಪು ಏನು ಗೊತ್ತಾ? ವಾರ್ನಿಶ್ ನಂಬಿದ್ದು. ದಪ್ಪಗೆ ಮೂರು ಕೋಟು ಹೊಡೆಸಿದ್ದೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಗಟ್ಟಿ ವಾರ್ನಿಶ್ ಅದರ ಜೊತೆ ಹಿಗ್ಗಲಾರದೆ ಕೂದಲೆಳೆಯಷ್ಟು ಬಿರಿಯುತ್ತದೆ, ಆ ಬಿರುಕಿನಲ್ಲಿ ಇಳಿದ ನೀರಿಗೆ ಮತ್ತೆ ಆರಿ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಮರದೊಳಗೆ ಇಳಿಯುವ ಎಣ್ಣೆಯೋ, ಸ್ಟೇನ್ ಅನ್ನುವ ತೆಳು ಬಣ್ಣವೋ ಇದಕ್ಕಿಂತ ವಾಸಿ. ಆಗಾಗ ಮತ್ತೆ ಬಳಿಯಬೇಕು, ಅಷ್ಟೇ. ಕರಾವಳಿಯಲ್ಲಿ ಗೇರೆಣ್ಣೆ ಬಳಿಯುತ್ತಾರಲ್ವಾ, ಅದು ಗೆದ್ದಲಿಗೂ ಆಗುತ್ತದೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಜೋಪಾನ.

ಆದರೆ ಬಣ್ಣ, ಎಣ್ಣೆ ಎಲ್ಲ ಆಮೇಲಿನ ಮಾತು. ಮೊದಲು ನೀರು ತಾಗದಂತೆ ಮಾಡಬೇಕು. ಗದ್ದೆ ನೆಡುವವರು ಗೊರಬು ಹಾಕುತ್ತಿದ್ದರು ನೋಡಿ, ತಲೆ ಬೆನ್ನು ಮುಚ್ಚುತ್ತದೆ, ಎದುರಿಗೆ ಗಾಳಿ ಆಡುತ್ತದೆ. ತೊಲೆಗೆ ಬೇಕಾದದ್ದೂ ಅದೇ. ನಾರ್ವೆಯಲ್ಲಿ ಇಂಥ ತೊಲೆಗಳಿಂದ ವಾಹನ ಓಡಾಡುವ ಸೇತುವೆಗಳನ್ನೇ ಕಟ್ಟಿದ್ದಾರೆ, ಅಲ್ಲಿ ತೊಲೆಯ ಮೇಲ್ಮೈಗೆ ತಾಮ್ರದ ತಗಡು ಹೊದಿಸುತ್ತಾರೆ. ನಮಗೆ ಅಲ್ಯೂಮಿನಿಯಂ ಸಾಕು. ತಗಡನ್ನು ಮರಕ್ಕೆ ಅಂಟಿಸಿ ಮಲಗಿಸಬೇಡಿ, ನಡುವೆ ಅರ್ಧ ಇಂಚಾದರೂ ಸಂದು ಬಿಡಿ. ಅಂಚನ್ನು ಕೆಳಕ್ಕೆ ಮಡಚಿ ಸ್ವಲ್ಪ ಹೊರಕ್ಕೆ ಬಾಗಿಸಿ, ನೀರು ಮರದ ಮೈಮೇಲೆ ಹರಿಯದೆ ಹನಿಯಾಗಿ ಬೀಳಲಿ.

ತೊಲೆಯ ಕೊಯ್ದ ತುದಿ ಎಲ್ಲಕ್ಕಿಂತ ಅಪಾಯದ ಜಾಗ. ಜೀವಂತ ಮರದಲ್ಲಿ ಬೇರಿನ ನೀರು ಮೇಲೇರುತ್ತಿದ್ದ ನಾಳಗಳ ಬಾಯಿ ಅಲ್ಲೇ ತೆರೆದಿರುತ್ತದೆ. ಪಕ್ಕಕ್ಕಿಂತ ಎಷ್ಟೋ ಬೇಗ ನೀರು ಕುಡಿಯುತ್ತದೆ. ಚೆಂದ ಕಾಣಲಿ ಅಂತ ನಾವು ಅದನ್ನೇ ಮಾಡಿನ ಆಚೆ ಒಂದಡಿ ಚಾಚಿ ಬಿಡುತ್ತೇವೆ! ಹಳೇ ಮನೆಯ ಆಚಾರಿಗಳು ಸೂರನ್ನು ಅಷ್ಟು ಕೆಳಗೆ ಯಾಕೆ ಇಳಿಸುತ್ತಿದ್ದರು, ಕಂಬವನ್ನು ನೆಲಕ್ಕೆ ಹೂಳದೆ ಕಲ್ಲಿನ ಮೇಲೆ ಯಾಕೆ ನಿಲ್ಲಿಸುತ್ತಿದ್ದರು ಅಂತ ನನಗೆ ಅರ್ಥವಾಗಿದ್ದು ಈಗ. ಹೊಸ ಕಂಬಕ್ಕೂ ಹಾಗೇ, ಉಕ್ಕಿನ ಪಾದ ಕೊಟ್ಟು ನೆಲದಿಂದ ಎತ್ತಿ, ಪಾದದಲ್ಲಿ ನೀರು ನಿಲ್ಲದಂತೆ ತೂತು ಇಡಿ. ಮತ್ತೆ, ತೊಲೆ ಕೊಳ್ಳುವಾಗಲೇ ಅಂಟು ಹೊರಗಿನ ಬಳಕೆಗೆ ಆಗುವಂಥದ್ದೋ ಅಂತ ಕೇಳಿ. ಒಳಮನೆಯ ಅಂಟಾದರೆ ಪದರ ಬಿಚ್ಚಿಕೊಳ್ಳುತ್ತದೆ.

ನಮ್ಮ ಚಪ್ಪರದಲ್ಲಿ ಎರಡು ತೊಲೆ ಉಳಿದವು. ಕೊಳೆತದ್ದು ಕಂಬದಾಚೆ ಚಾಚಿದ ಭಾಗ ಮಾತ್ರ, ಅಲ್ಲಿಗೆ ಕೊಯ್ದು, ಪೂರ್ತಿ ಒಣಗಿಸಿ, ತುದಿಗೆ ಎಪಾಕ್ಸಿ ಅಂಟು ಹಚ್ಚಿ ತಗಡು ಹೊದಿಸಿದೆವು. ಮೂರನೆಯದರಲ್ಲಿ ಕೊಳೆ ಕಂಬದ ತಲೆಯವರೆಗೂ ಹೋಗಿತ್ತು. ಅದನ್ನು ಇಳಿಸಲೇಬೇಕಾಯಿತು.

ನಿಮ್ಮಲ್ಲೂ ಚಪ್ಪರ ಇದ್ದರೆ ನಾಳೆ ಬೆಳಿಗ್ಗೆ ಏಣಿ ಹಾಕಿ ತುದಿಗಳನ್ನು ಒಮ್ಮೆ ಒತ್ತಿ ನೋಡಿ. ನಮಸ್ಕಾರ.